ಕೊನೆಯ ಚಿಟಿಕೆಯ ಪದರ

ಡಬ್ಬಿಯಲ್ಲಿದ್ದ ಗಾಜಿನ ಬಿಲ್ಲೆ ಹಾಲು ಚೆಲ್ಲಿದಂತೆ ಮಬ್ಬಾಗಿತ್ತು. ನಾಲ್ಕು ಮೂಲೆಗಳಲ್ಲಿ ಮಾತ್ರ ಹಿಡಿಕೆ ಕಚ್ಚಿದ ಜಾಗ ಪದರ ಹತ್ತದೆ ಬರಿದಾಗಿತ್ತು.

"ಬಿಸಿ ಆರೋ ಮುಂಚೆ ಆವಿ ಪೆಟ್ಟಿಗೆಗೆ ಗಾಳಿ ಬಿಟ್ಟು ಪದರ ಕೆಡಿಸಿದೀಯ," ಎಂದರು ಪ್ರಯೋಗಾಲಯದ ಮುಖ್ಯಸ್ಥರು. "ಇವತ್ತು ಪದರ ಗೀರಿ ಅದರ ದಪ್ಪ ಅಳೀಬೇಕಿತ್ತು. ಇದ್ದಿದ್ದೇ ಕೊನೇ ಚಿಟಿಕೆ ಪುಡಿ! ನಾಳೆಯಿಂದ ಬರಬೇಡ."

ಸಂಶೋಧಕನನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಆ ಹೊತ್ತಿಗೆ ಅವನು ನಿಜಕ್ಕೂ ಮುರಿದುಬೀಳುವಂತಿದ್ದ. "ನಿನ್ನೆ ಸಂಜೆ ಇಟ್ಟಾಗ ಕನ್ನಡಿ ಥರ ಇತ್ತು ಸಾರ್."

ಡಬ್ಬಿಯಿದ್ದ ಕಪಾಟಿಗೆ ರಾತ್ರಿ ಬೀಗ ಹಾಕಲು ಮರೆತಿದ್ದವಳು ಸಹಾಯಕಿ. ಅವಳು ಉಗ್ರಾಣಕ್ಕೆ ಓಡಿದಳು. ಅಲ್ಲಿನ ಮೇಲ್ವಿಚಾರಕಿ ಅವಳ ದೊಡ್ಡಮ್ಮ. ಕಟ್ಟಡದಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಪತ್ತೆ ಮಾಡುವಾಕೆ.

"ಅಳಬೇಡ್ವೇ. ಕನ್ನಡಕ ಎಲ್ಲಿಟ್ಟೆ ಅನ್ನೋದೊಂದು ಬಿಟ್ರೆ ಮಿಕ್ಕಿದ್ದೆಲ್ಲ ಹುಡುಕ್ತೀನಿ," ಎಂದರು ದೊಡ್ಡಮ್ಮ. ಬಂದು ಬಿಲ್ಲೆಯನ್ನು ತಿರುಗಿಸಿ ನೋಡಿದರು. "ಆವಿ ಪೆಟ್ಟಿಗೆಯ ನಾಲ್ಕು ಹಿಡಿಕೇಲಿ ಒಂದು ಮುರಿದಿತ್ತಲ್ಲ, ಹೊಸದು ಹಾಕಿದ್ರಾ?"

"ಇಲ್ಲ ದೊಡ್ಡಮ್ಮ. ಹದಿನೈದು ದಿನದಿಂದ ಮೂರರಲ್ಲೇ ನಡೀತಿದೆ."

ದೊಡ್ಡಮ್ಮನ ಮುಖ ಬಾಡಿತು. "ಎಲ್ಲರನ್ನೂ ಕರಿ. ಗಾಜಣ್ಣನನ್ನೂ."

ಗಾಜಣ್ಣ ಅಲ್ಲಿ ಗಾಜು ತೊಳೆಯುವವನು. ಆ ಪುಡಿಯನ್ನು ತಿಂಗಳುಗಟ್ಟಲೆ ಆವಿ ಮಾಡಿ, ಮತ್ತೆ ಹರಳಾಗಿಸಿ ಶುದ್ಧಗೊಳಿಸಿದ್ದವಳು ಅವನ ಮಗಳೇ. ಹೋದ ತಿಂಗಳು ಜ್ವರ ಬಂದು ತೀರಿಕೊಂಡಿದ್ದಳು.

ಎಲ್ಲರೂ ಸೇರಿದಾಗ ದೊಡ್ಡಮ್ಮ ಹೇಳಿದರು: "ಪುಡಿ ಕಾಯಿಸಿದರೆ ಆವಿ ಏರಿ ಗಾಜಿಗೆ ಕೂರುತ್ತೆ. ಹಿಡಿಕೆ ಕಚ್ಚಿದಲ್ಲಿ ಕೂರಲ್ಲ. ನಿನ್ನೆ ಬೆಳೆದ ಪದರಕ್ಕೆ ಮೂರೇ ಬರಿ ಮೂಲೆ ಇರಬೇಕು. ಇದಕ್ಕೆ ನಾಲ್ಕು. ಅಂದರೆ ಇದು ಹಳೇ ಬಿಲ್ಲೆ, ಹಿಡಿಕೆ ಮುರಿಯೋ ಮುಂಚಿನದು. ಯಾರೋ ಬದಲಾಯಿಸಿದಾರೆ. ಕಡ್ಡಿಗೆ ಅದರಿಂದ ಕೆಲಸ ಹೋಗೋದೊಂದೇ ಲಾಭ. ಇನ್ನು ಕೆಟ್ಟ ಬಿಲ್ಲೆಗಳೆಲ್ಲ ತೊಳೆಯೋಕೆ ಹೋಗ್ತವೆ. ಇನ್ನೂ ತೊಳೆಯದ ಹಳೇ ಬಿಲ್ಲೆ ಸಿಗೋದು ಗಾಜು ತೊಳೆಯೋ ಕಡೆ ಮಾತ್ರ."

ಯಾರೂ ಗಾಜಣ್ಣನತ್ತ ನೋಡಲಿಲ್ಲ. ಅವನೇ ಜೇಬಿನಿಂದ ಮೆತ್ತನೆ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟ. ಒಳಗೆ ಕನ್ನಡಿಯಂಥ ಬಿಲ್ಲೆ, ಮೂರೇ ಬರಿ ಮೂಲೆ.

"ಸೂಜಿ ಹಾಕಿ ಗೀರ್ತಾರೆ ಅಂದ್ರು. ಆಮೇಲೆ ತುಂಡು ಮಾಡ್ತಾರೆ ಅಂದ್ರು. ಅವಳ ಕೈಯ ಕೆಲಸ ಇನ್ನೇನೂ ಉಳಿದಿಲ್ಲವಲ್ಲ ಅಮ್ಮಾ." ಕಡ್ಡಿಯ ಕಡೆ ತಿರುಗಿ ತಲೆ ತಗ್ಗಿಸಿದ. "ನಿನ್ನ ತಲೆಗೆ ಬರುತ್ತೆ ಅಂತ ಹೊಳೀಲಿಲ್ಲ ಕಣಪ್ಪ."

ಮುಖ್ಯಸ್ಥರು ಬಿಲ್ಲೆಯನ್ನು ಬಟ್ಟೆ ಸಮೇತ ಅವನತ್ತ ಸರಿಸಿದರು. "ಇಟ್ಕೊಳ್ಳಿ. ಅಳತೆ ಬೇಡ."

"ಅಳೀದಿದ್ರೆ?" ಎಂದ ಗಾಜಣ್ಣ.

ಕಡ್ಡಿ ಮೆಲ್ಲಗೆ ಹೇಳಿದ: "ಅವಳ ಪುಡಿ ಎಷ್ಟು ಚೆನ್ನಾಗಿತ್ತು ಅಂತ ಯಾರಿಗೂ ಗೊತ್ತಾಗಲ್ಲ. ಅವಳ ಹೆಸರಲ್ಲಿ ಬರೆಯೋಕೆ ಏನೂ ಇರಲ್ಲ."

ಗಾಜಣ್ಣ ಬಿಲ್ಲೆಯನ್ನು ಕಡ್ಡಿಯ ಮುಂದಿಟ್ಟ. "ಹಾಗಾದ್ರೆ ಗೀರಿ."

ಸಹಾಯಕಿ ದೀಪ ಆರಿಸಿ ನೇರಳೆ ದೀಪ ಹಾಕಿದಳು. ಪದರ ಎಳೆಹಸಿರಾಗಿ, ಒಂದು ಕಲೆಯೂ ಇಲ್ಲದೆ ಬೆಳಗಿತು. ಕಡ್ಡಿ ಸೂಜಿ ಹಿಡಿದ. ಗಾಜಣ್ಣ ಎರಡು ಬೆರಳುಗಳಿಂದ ಗಾಜಿನ ಅಂಚನ್ನು ಅಲುಗದಂತೆ ಒತ್ತಿ ಹಿಡಿದ. ಸೂಜಿ ಇಳಿಯಿತು. ಆ ಬೆಳಕಿನ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿ, ಈ ಅಂಚಿನಿಂದ ಆ ಅಂಚಿಗೆ ಹೋಯಿತು.