ಸೂಜಿ ಚುಚ್ಚದ ಡಾಕ್ಟರ್

“ಸೂಜಿ ಯಾಕ ಕೊಡವಲ್ರಿ? ಡಬ್ಬ್ಯಾಗಿನ ಬರ್ಫ ಕರಗಲಿಕ್ಕತ್ತದ!”

ಭಾಲ್ಕಿಯ ಖಾಸಗಿ ಆಸ್ಪತ್ರೆಯೊಂದರ ಆಪರೇಷನ್ ಕೋಣೆಯ ಬಾಗಿಲಲ್ಲಿ ಸುಭದ್ರಾ ಸಿಡಿಮಿಡಿಗೊಂಡಿದ್ದಳು. ಎದುರಿಗೆ ಅರಿವಳಿಕೆ ಡಾಕ್ಟರ್ ಗೋರಖನಾಥ ಬರಿಗೈಯಲ್ಲಿ ನಿಂತಿದ್ದ.

“ನಾ ಕೊಡಂಗಿಲ್ಲರಿ.”

“ಅಂಜಿಕಿ ಬಂತೇನು? ಇಂಥಾ ಅಂಜುಬುರಕರು ಯಾಕ ಡಾಕ್ಟರ್ ಆಗ್ತೀರಿ!”

ಅವನ ಮುಖ ಕೆಂಪಾಯಿತು. ಕೈಕಟ್ಟಿ ಬಾಗಿಲಿಗೆ ಅಡ್ಡ ನಿಂತ.

ಎಂಥ ಸೊಕ್ಕು! ಎಂದುಕೊಂಡಳು ಸುಭದ್ರಾ. ಕಣ್ಣುಗಳು ಮಾತ್ರ ಎಷ್ಟು ದಣಿದಿವೆ... ಛೇ, ಅದು ನನಗೇಕೆ?

ಅವಳು ಬೀದರದ ನೌಬಾದಿನ ಪ್ರಯೋಗಾಲಯದಲ್ಲಿ ಸಂಶೋಧಕಿ. ಗರ್ಭಕೋಶದಲ್ಲಿ ಗಡ್ಡೆ ಏಕೆ ಬೆಳೆಯುತ್ತದೆ, ಯಾವ ಜೀನ್ ಕೆಟ್ಟರೆ ಅದು ಹುಟ್ಟುತ್ತದೆ ಎಂದು ಹುಡುಕುತ್ತಿದ್ದಳು. ಕಾರಣ ತಿಳಿದರೆ ಮುಂದೊಂದು ದಿನ ಮಾತ್ರೆಯಲ್ಲೇ ಗಡ್ಡೆ ಕರಗೀತು, ಗರ್ಭಕೋಶ ಉಳಿದೀತು ಎಂಬುದು ಅವಳ ಆಸೆ. ಕೊಯ್ದ ತುಣುಕು ಕೂಡಲೇ ಮಂಜುಗಡ್ಡೆಯ ಡಬ್ಬಿಗೆ ಬೀಳದಿದ್ದರೆ ಪರೀಕ್ಷೆಗೆ ಬಾರದು. ಅದಕ್ಕೇ ಡಬ್ಬಿ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು.

ಗೋರಖನಾಥ ಮೇಜಿನ ಮೇಲಿದ್ದ ರೋಗಿಯ ಸ್ಕ್ಯಾನ್ ಚಿತ್ರವನ್ನು ತೆಗೆದು ಮುಂದೆ ಹಿಡಿದ. “ತೊಗರಿ ಕಾಳಿನಷ್ಟ ಗಂಟು. ಇಷ್ಟಕ್ಕ ಇಡೀ ಗರ್ಭಚೀಲ ತೆಗೀಬೇಕೇನ್ರಿ?”

ಸುಭದ್ರಾ ನೋಡಿದಳು. ಡಬ್ಬಿ ಹಿಡಿದೇ ಒಳಗೆ ನಡೆದಳು.

ಒಳಗೆ ಮಂಚದ ಮೇಲಿದ್ದ ಚಿಂತಾಕಿಯ ಕೇಶರಬಾಯಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

“ತಂಗಿ, ಯಾರು ತೆಗಿಸ್ಕೋ ಅಂದ್ರು?” ಸುಭದ್ರಾ ಕೇಳಿದಳು.

“ಮುಕಾದಮರಿ, ಕೂಲಿ ಮಂದಿನ್ನ ಒಯ್ಯಾಂವ. ಮಳಿ ಇಲ್ಲ, ಕಬ್ಬು ಕಡಿಲಿಕ್ಕ ಹೋಗಬೇಕು. ತಿಂಗಳಾ ಮುಟ್ಟಾಗಿ ಕುಂತ್ರ ಅಂವಗ ನಡೆಯಂಗಿಲ್ಲ. ಅವನ ಹೊಟ್ಟ್ಯಾಗ ಇದ್ದಿದ್ರ ತಿಳೀತಿತ್ತು!” ನಕ್ಕಳು. “ನಾ ಅಂಜಿದ್ದೆರಿ ಬಾಯೇರ. ಆದರ ನೀವು ಬೀದರದಿಂದ ಡಬ್ಬಿ ತಗೊಂಡು ಬರ್ತೀರಂದ ಮ್ಯಾಲ, ತೆಗೀಲೇಬೇಕು ಅಂತ ಗಟ್ಟಿ ಆತು. ನಮ್ಮೂರಾಗ ಎಲ್ರೂ ಹಂಗೇ ಅಂತಾರ.”

ಎಲ್ಲರೂ!

ಸುಭದ್ರೆಯ ಎದೆ ಉರಿಯಿತು. ಉಳಿಸಲೆಂದು ಹೊತ್ತ ಡಬ್ಬಿ ಕೊಯ್ಯುವವರಿಗೆ ಸಾಕ್ಷಿಯಾಗಿತ್ತು! ದೇವರು ಜೀವ ಹೊರಲೆಂದು ಕೊಟ್ಟ ಅಂಗವನ್ನು, ಕೂಲಿಯಾಳು ರಜೆ ಹಾಕದಿರಲೆಂದು ಕೀಳುವುದೆ? ನೆಲ ಒಣಗಿದರೆ ಹೆಣ್ಣಿನ ಒಡಲನ್ನೂ ಬರಿದು ಮಾಡಬೇಕೆ? ಯಾವ ಧರ್ಮ ಇದನ್ನು ಒಪ್ಪೀತು!

ಆಸ್ಪತ್ರೆಯ ಯಜಮಾನ ಒಳಗೆ ಬಂದ. “ಇನ್ನಾ ಸುರು ಮಾಡಿಲ್ಲೇನು?”

“ಮಾಡಂಗಿಲ್ಲ!” ಸುಭದ್ರಾ ಅವನೆದುರಿಗೇ ಬರ್ಫವನ್ನು ಮೋರಿಗೆ ಸುರಿದಳು. “ತಂಗಿ, ಏಳು. ಇದಕ್ಕ ಗುಳಿಗಿ ಅದಾವ. ಬೀದರಕ್ಕ ನಡಿ.”

“ಮತ್ತ ನಿಮ್ಮ ಸಂಶೋಧನಾ?” ಯಜಮಾನ ಅಣಕಿಸಿದ.

“ಖರೇ ಆಪರೇಷನ್ ಬೇಕಾದವರು ಸಿಕ್ಕಾಗ ಮಾಡ್ತೇನಿ. ಕದ್ದ ಮಾಂಸ ನನಗ ಬ್ಯಾಡ!”

“ಗೋರಖನಾಥ, ನಾಳಿಂದ ನೀನೂ ಬರಬ್ಯಾಡ!” ಯಜಮಾನ ಗುಡುಗಿದ.

ಆಮೇಲೆ ಇಬ್ಬರೂ ಔರಾದ ತಾಲ್ಲೂಕಿನ ಊರೂರು ತಿರುಗಿದರು. ಆಪರೇಷನ್ನಿಗೆ ಹೊರಟು ನಿಂತ ಹೆಂಗಸರ ಸ್ಕ್ಯಾನ್ ಮತ್ತೆ ನೋಡಿದರು. ಕೆಲವರ ಗರ್ಭಕೋಶ ಉಳಿಯಿತು. ಕೆಲವರ ಆಪರೇಷನ್ ಆಗಲೇ ಮುಗಿದುಹೋಗಿತ್ತು... ಅಂಥವರೆದುರು ಸುಭದ್ರಾ ತಲೆ ತಗ್ಗಿಸಿ ಅತ್ತಳು.

ಕೇಶರಬಾಯಿ ಬೇರೊಬ್ಬ ಮುಕಾದಮನ ಲಾರಿ ಹತ್ತಿದಳು, ಸೆರಗಿನಲ್ಲಿ ಗುಳಿಗೆ ಕಟ್ಟಿಕೊಂಡು. ಹೋಗುವಾಗ ಕೂಗಿದಳು: “ಡಾಕ್ಟರ್ ಸಾಬ, ಬಾಯೇರನ್ನ ಅಷ್ಟ ನೋಡಬ್ಯಾಡ್ರಿ, ದೃಷ್ಟಿ ಆದೀತು!”

ಲಾರಿಯ ಧೂಳು ಅಡಗಿತು. ಇಬ್ಬರೇ ಉಳಿದರು.

“ಅವತ್ತ ಅಂಜುಬುರಕ ಅಂದೆ... ತಪ್ಪಾತ್ರಿ.”

“ನೆನಪಿಲ್ಲರಿ.”

“ಸುಳ್ಳ.”

“ಹೂಂ, ಸುಳ್ಳ. ಮನಸಿಗಿ ಭಾಳ ಹತ್ತಿತ್ತು.” ಅವನು ಮೆಲ್ಲಗೆ ನಕ್ಕ. “ಈಗ ಯಾವ ದವಾಖಾನಿಯವರೂ ನನ್ನ ಕರಿಯಂಗಿಲ್ಲ.”

“ನಾ ಕರೀತೇನಿ.”

“ಎಲ್ಲಿಗರಿ?”

ಅವಳ ದನಿ ತೇವವಾಯಿತು. “ನಮ್ಮ ಮನಿಗಿ. ಅವ್ವನ ಮುಂದ ಬಂದು ಕುಂದರ್ರಿ. ಉಳಿದದ್ದು ನಾ ಹೇಳ್ತೇನಿ.”

“ಈಗೇ ಬರ್ಲೇನು?”

“ಬರ್ರಿ...”