ನಾಲ್ಕು ಹತ್ತಕ್ಕೆ ನಿಂತ ಗಡಿಯಾರ

ಗಾಜಿನ ಪೆಟ್ಟಿಗೆಯ ಕೆಳಗಿದ್ದ ಬೋರ್ಡನ್ನು ನೆನೆದಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ‘ರೈಲುಗಳು ಡಿಕ್ಕಿಯಾದ ಕ್ಷಣ, ನಾಲ್ಕು ಹತ್ತಕ್ಕೆ ನಿಂತುಹೋದ ಚಾಲಕನ ಜೇಬುಗಡಿಯಾರ. ಅವನ ಅಜಾಗರೂಕತೆಗೆ ಸಾಕ್ಷಿ.’ ಅಲ್ಲೇ ಸತ್ತ ಆ ಚಾಲಕ ಅವಳ ಅಪ್ಪ. ಇಳಿಸಬಾರದ ಸಿಗ್ನಲ್ ಇಳಿಸಿ ರೈಲಿಗೆ ದಾರಿ ಬಿಟ್ಟವನು ಸ್ಟೇಷನ್ ಮಾಸ್ಟರ್. ತಪ್ಪನ್ನೆಲ್ಲ ಸತ್ತವನ ತಲೆಗೆ ಕಟ್ಟಿ ನುಣ್ಣಗೆ ಜಾರಿಕೊಂಡ ಆ ಮನುಷ್ಯ, ನಿವೃತ್ತನಾದ ಮೇಲೆ ಅದೇ ಪಾಳುಬಿದ್ದ ಸ್ಟೇಷನ್ನಿನಲ್ಲಿ ರೈಲು ಮ್ಯೂಸಿಯಂ ತೆರೆದು ಊರಿಗೆ ದೊಡ್ಡವನಾಗಿದ್ದ.

ಅಮ್ಮನ ಕಣ್ಣು ದಿನೇದಿನೇ ಮಂಜಾಗುತ್ತಿತ್ತು. “ಬೋರ್ಡ್ ಹಾಳಾಗಿ ಹೋಗ್ಲಿ ಕಣೇ. ಕಣ್ಣು ಪೂರ್ತಿ ಹೋಗೋ ಮುಂಚೆ ನಿಮ್ಮಪ್ಪನ ಗಡಿಯಾರ ಒಂದ್ಸಲ ನೋಡ್ಬೇಕು, ಕೈಲಿ ಹಿಡ್ಕೋಬೇಕು,” ಎಂದಿದ್ದಳು. ಕೇಳಲು ಹೋದ ಸೋದರಮಾವನನ್ನು ಮಾಸ್ಟರ್ ಬಾಗಿಲಲ್ಲೇ ನಿಲ್ಲಿಸಿ, “ಅದು ಇತಿಹಾಸ ಕಣ್ರೀ, ನಿಮ್ಮನೆ ಪಾತ್ರೆ ಅಲ್ಲ,” ಎಂದು ಸಾಗಹಾಕಿದ್ದ.

ಇತಿಹಾಸವಂತೆ! ಕೇಳಿ ಸಿಗದ್ದನ್ನು ಕದ್ದೇ ತರುವುದೆಂದು ಅವಳು ಅಂದೇ ನಿಶ್ಚಯಿಸಿದಳು. ಮಾಸ್ಟರ್ ಅವಳನ್ನು ನೋಡಿದ್ದು ಲಂಗ ತೊಟ್ಟ ವಯಸ್ಸಿನಲ್ಲಿ, ಒಮ್ಮೆ ಜನರ ನಡುವೆ ಹೋಗಿ ಗಡಿಯಾರ ನೋಡಿ ಬಂದಾಗಲೂ ಅವನಿಗೆ ಗುರುತು ಸಿಕ್ಕಿರಲಿಲ್ಲ.

ಕದಿಯುವ ದಾರಿ ಹುಡುಕುತ್ತ ಮೊದಲು ಅವಳು ಸಣ್ಣಪುಟ್ಟ ಊರುಗಳ ರೈಲು ಮ್ಯೂಸಿಯಂಗಳನ್ನೆಲ್ಲ ಸುತ್ತಿದಳು. “ಬೇರೆಯವರ ಹೆಂಡ್ತೀರು ಬಟ್ಟೆ ಅಂಗಡಿಗೆ ಹೋಗ್ತಾರೆ. ನೀನು ತುಕ್ಕು ನೋಡೋಕೆ ಬಸ್ ಹತ್ತುತೀಯ,” ಎಂದು ಗಂಡ ರೇಗಿಸಿದ. ಎಲ್ಲ ಕಡೆಯೂ ಒಂದೇ ಹಣೆಬರಹ. ಪೆಟ್ಟಿಗೆಯ ಮುಂದೆ ಹೊಳೆಯುವ ಬೀಗ, ಹಿಂದಿನ ಹಲಗೆಗೆ ಹೇಳುವವರಿಲ್ಲ ಕೇಳುವವರಿಲ್ಲ. ಕೊನೆಯಲ್ಲಿ ಪ್ಲಾಟ್‌ಫಾರಂ ಪಕ್ಕ ಟ್ರಾಲಿ ಸವಾರಿ. ಹಳಿಯ ಮೇಲೆ ಕೈಯಿಂದ ತಳ್ಳುವ ಆ ಬಂಡಿಯನ್ನು ಕಂಡರೆ ಸಾಕು, ಗಡ್ಡ ನೆರೆತವರೂ ಮಕ್ಕಳಂತೆ ಓಡುತ್ತಿದ್ದರು, ಕಾವಲಿನವನು ಎಲ್ಲರಿಗಿಂತ ಮುಂದೆ.

ಹಳೇ ಸಾಮಾನಿನ ಅಂಗಡಿಯಲ್ಲಿ ಅದೇ ಕಂಪನಿಯ, ಅದೇ ಗಾತ್ರದ ಗಡಿಯಾರ ಸಿಕ್ಕಿತು. ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಮರಳಿನಲ್ಲಿ ಉಜ್ಜಿದಳು, ಮೊಳೆಯಿಂದ ತಟ್ಟಿ ಗಾಜಿಗೆ ಅಂಥದೇ ಬಿರುಕು ತಂದಳು. ಮುಳ್ಳುಗಳನ್ನು ನಾಲ್ಕು ಹತ್ತಕ್ಕೆ ತಂದು ನಿಲ್ಲಿಸಿದಳು. ಮಾಸ್ಟರ್ ಸಾಯುವವರೆಗೂ ಈ ಗುಜರಿಯನ್ನೇ ತೋರಿಸಿ ಬೊಗಳುತ್ತಿರಲಿ! ಹಾಗಂದುಕೊಂಡಾಗ ಅವಳಿಗೆ ಬಹಳ ಖುಷಿಯಾಯಿತು.

ಮಾಸ್ಟರ್‌ನ ಮ್ಯೂಸಿಯಂನಲ್ಲಿ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಅವನು ಬೆತ್ತದಿಂದ ತೋರಿಸುತ್ತ ಅಪ್ಪನ ಅಜಾಗರೂಕತೆಯನ್ನು ರಸವತ್ತಾಗಿ ವರ್ಣಿಸಿದ, ಜನ ಲೊಚಗುಟ್ಟಿದರು. ಅವಳು ಹಲ್ಲು ಕಚ್ಚಿ ನಿಂತಳು. ಆಮೇಲೆ ಅವನು, “ಬನ್ನಿ ಬನ್ನಿ, ಟ್ರಾಲಿ ಹತ್ತೋರು ಬನ್ನಿ!” ಎಂದು ಕೂಗಿದ್ದೇ ತಡ, ಕೋಣೆ ಖಾಲಿಯಾಯಿತು. ಚಪ್ಪಲಿಯ ಪಟ್ಟಿ ಸರಿಮಾಡುವ ನೆಪದಲ್ಲಿ ಅವಳು ಹಿಂದುಳಿದಳು. ಸ್ವೆಟರ್ ಹೆಣೆಯುವ ಕಡ್ಡಿಯಿಂದ ಹಿಂದಿನ ಹಲಗೆಯ ಕೀಲು ಎಬ್ಬಿಸಿ ಅಪ್ಪನ ಗಡಿಯಾರ ಹೊರತೆಗೆದಳು. ಬ್ಯಾಗಿನಲ್ಲಿದ್ದದ್ದನ್ನು ಅದರ ಜಾಗದಲ್ಲಿಟ್ಟು ಹಲಗೆ ಮುಚ್ಚಿದಳು.

ನಡುವೆಯೇ ಹೊರಟುಹೋಗುವಷ್ಟು ದಡ್ಡಿಯಲ್ಲ ಅವಳು. ಎಲ್ಲರ ಜೊತೆ ಟ್ರಾಲಿ ಹತ್ತಿ ಹೋಗಿ ಬಂದಳು. ಎಲ್ಲರ ಜೊತೆ ಅದೇ ಕೋಣೆಯ ಮೂಲಕ ಬಾಗಿಲ ಕಡೆ ನಡೆಯುತ್ತ, “ತುಂಬಾ ಚೆನ್ನಾಗಿತ್ತು ಸಾರ್,” ಎಂದು ಮಾಸ್ಟರ್‌ಗೆ ಕೈಯನ್ನೂ ಮುಗಿದಳು.

“ಸಾರ್,” ಎಂದು ಹಿಂದಿನಿಂದ ಒಬ್ಬ ಅಜ್ಜಿಯ ದನಿ ಕೇಳಿತು. ಅಜ್ಜಿ ಕನ್ನಡಕ ಏರಿಸಿ ಗಾಜಿನ ಪೆಟ್ಟಿಗೆಯೊಳಗೆ ಇಣುಕುತ್ತಿದ್ದಳು. “ನಿಂತುಹೋಗಿದೆ ಅಂತ ಬರ್ದಿದ್ದೀರಿ, ಇದು ನಾಲ್ಕೂವರೆ ತೋರಿಸ್ತಿದೆಯಲ್ಲ?” ಮಾಸ್ಟರ್ ಗಾಜಿಗೆ ಕಿವಿಯಿಟ್ಟ, ನೆಟ್ಟಗಾದ, ಬಾಗಿಲಿಗೆ ಅಗುಳಿ ಹಾಕಿದ. “ಯಾರೂ ಹೊರಗೆ ಹೋಗ್ಬೇಡಿ. ಬ್ಯಾಗುಗಳನ್ನ ತೆಗೀರಿ.” ಅವಳು ತನ್ನ ಬಲಗೈಯ ಹೆಬ್ಬೆರಳನ್ನೇ ನೋಡುತ್ತ ನಿಂತಳು. ಎಡಗೈಯಲ್ಲಿ ಅಪ್ಪನ ಗಡಿಯಾರ ಹಿಡಿದು ಕಣ್ಣು ತುಂಬಿಕೊಂಡಿದ್ದಾಗ, ಬಲಗೈ ತನ್ನ ಪಾಡಿಗೆ ತಾನು ಪೆಟ್ಟಿಗೆಯೊಳಗಿಡುವ ನಕಲಿ ಗಡಿಯಾರಕ್ಕೆ ಪೂರ್ತಿ ಕೀ ಕೊಟ್ಟುಬಿಟ್ಟಿತ್ತು. ಡ್ಯೂಟಿಗೆ ಹೊರಡುವ ಮುನ್ನ ಅಪ್ಪ ದಿನವೂ ಅವಳ ಪುಟ್ಟ ಅಂಗೈಯಲ್ಲಿ ಗಡಿಯಾರವಿಟ್ಟು ಹೇಳುತ್ತಿದ್ದದ್ದು ಅದೊಂದೇ: “ಕೀ ಕೊಡದೆ ಕೆಳಗಿಡಬಾರ್ದು ಮಗಳೇ, ಜನರ ಜೀವ ಇದೆ ಇದರಲ್ಲಿ.”