ಸೇವಂತಿಗೆಯವಳಿಗೆ ಹೆಣದ ಉಡುಗೆ

"ಥೂ! ನನ್ನ ಹೆಣ ಬರೆದು ನನಗೇ ತಂದು ಕೊಡ್ತೀಯಾ? ನಾಚಿಕೆ ಆಗಲ್ವಾ ನಿನಗೆ?"

ಒತಾಸೆ ಬೀಸಿ ಎಸೆದ ಚಿತ್ರ ಜಿನ್‌ಪಾಚಿಯ ಎದೆಗೆ ಬಡಿದು ಕೆಳಗೆ ಬಿತ್ತು.

ಚಿತ್ರದಲ್ಲಿದ್ದವಳು ಒತಾಸೆಯೇ. ಕೈಯಲ್ಲಿ ಹಳದಿ ಸೇವಂತಿಗೆ, ಅದೇ ಬಿಗುಮಾನದ ಹುಬ್ಬು. ಆದರೆ ಕಿಮೋನೊದ ಬಲದಂಚು ಎಡದಂಚಿನ ಮೇಲೆ ಬಂದಿತ್ತು! ಜಪಾನಿನ ಎದೋ ಪಟ್ಟಣದಲ್ಲಿ ಹಾಗೆ ಉಡಿಸುವುದು ಹೆಣಕ್ಕೆ ಮಾತ್ರ.

"ಅದು... ಹೇಗಾಯ್ತೋ ಗೊತ್ತಿಲ್ಲ..." ಜಿನ್‌ಪಾಚಿ ತೊದಲಿದ.

ಹೆಣ್ಣು, ಹೂವು ಬರೆಯುವುದರಲ್ಲಿ ತನ್ನನ್ನು ಬಿಟ್ಟರಿಲ್ಲ ಎಂದು ಮೆರೆಯುವ ಮಹಾಶಯ! ಅವನ ಗೆರೆಗಳನ್ನು ಅಚ್ಚು ಹಾಕಲು ಮರದ ಹಲಗೆಯಲ್ಲಿ ಕೆತ್ತುತ್ತಿದ್ದವರು ಮುದುಕ ಕಿಹೇ ಮತ್ತು ಅವನ ಮಗಳು ಒತಾಸೆ. ಕೂದಲೆಳೆ ಕೆತ್ತುವ ಅವಳ ಉಳಿ ಇಲ್ಲದಿದ್ದರೆ ಅವನ ಸುಂದರಿಯರೆಲ್ಲ ಬೋಳು ತಲೆಯವರೇ.

'ಮೂರು ವರ್ಷ ಇವನಿಗಾಗಿ ಕಣ್ಣು ಸವೆಸಿದೆ... ಇವನ ಪಾಲಿಗೆ ನಾನು ಸತ್ತವಳು!'

ಇನ್ನೇನು ಸಂಜೆಯಾಗುತ್ತಲೇ ಸಂಬಂಧ ಕುದುರಿಸುವ ಹೆಂಗಸು ಬರುವವಳಿದ್ದಳು. ಅವಳು ಗೊತ್ತುಮಾಡಿದ್ದ ಗಂಡು ಕಾಗದದಂಗಡಿಯವನು; ಅವನಿಗೆ ಹೂಂ ಅಂದರೆ ಎಲ್ಲ ಮುಗಿಯಿತು.

"ಅಪ್ಪಾ, ಹೂಂ ಅಂದ್ಬಿಡು ಆಯಮ್ಮನಿಗೆ!"

ಕಿಹೇ ಚಿತ್ರ ಎತ್ತಿಕೊಂಡು ನೋಡಿ ಕಿಸಕ್ಕನೆ ನಕ್ಕ. "ಲೇ, ಕೂದಲು ನೋಡೇ. ಹಳೇ ಪೊರಕೆ ಇದ್ದಹಾಗಿದೆ! ಯಾವ ಕಟುಕ ಕೆತ್ತಿದ್ದೇ ಇದನ್ನ?"

ಒತಾಸೆ ಈಗ ಸರಿಯಾಗಿ ನೋಡಿದಳು. ಅದು ಅವಳ ಕೆಲಸವಲ್ಲ, ಅಪ್ಪನದಂತೂ ಅಲ್ಲ.

ಜಿನ್‌ಪಾಚಿ ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಅವಳು ಎಳೆದು ನೋಡಿದಳು. ಎಡಗೈಯ ನಾಲ್ಕು ಬೆರಳಿಗೂ ಬಟ್ಟೆ ಸುತ್ತಿತ್ತು.

"ನೀನೇ ಕೆತ್ತಿದ್ಯಾ?"

"ನಿನ್ನ ಚಿತ್ರಾನ ನಿನ್ನ ಕೈಲೇ ಹೇಗೆ ಕೆತ್ಸೋದು? ಆಯಮ್ಮ ಬರೋದ್ರೊಳಗೆ ನಿನಗೆ ಕೊಡ್ಬೇಕು ಅಂತ..."

"ಹಲಗೆಗೆ ಕಾಗದ ಹೇಗೆ ಅಂಟಿಸ್ದೆ?"

"ಹೇಗೆ ಅಂದ್ರೆ... ಚಿತ್ರ ಮೇಲೆ ಕಾಣೋ ಹಾಗೆ."

"ಅಯ್ಯೋ ದಡ್ಡ ಶಿಖಾಮಣಿ! ಬೋರಲು ಅಂಟಿಸ್ಬೇಕು ಕಣೋ! ಇಲ್ದಿದ್ರೆ ಅಚ್ಚಲ್ಲಿ ಎಡ ಬಲ ಆಗುತ್ತೆ. ನಮ್ಮ ಬೀದಿ ನಾಯಿಗೂ ಗೊತ್ತು ಇದು!"

ಈ ಪೆದ್ದನನ್ನು ಬಿಟ್ಟು ಬದುಕುವುದು ತನ್ನಿಂದಾಗದು ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು.

"ಬಾಯಿ ಬಿಟ್ಟು ಕೇಳೋಕೆ ಏನಾಗಿತ್ತು ನಿನಗೆ?"

"ನೀನು ನಕ್ಬಿಟ್ರೆ ಅಂತ ಭಯ... ಒತಾಸೆ, ನನ್ನ ಮದುವೆ ಆಗ್ತೀಯಾ?"

ಅಷ್ಟರಲ್ಲಿ ಹೊಸಿಲಾಚೆ ಮರದ ಚಪ್ಪಲಿಯ ಸದ್ದು ನಿಂತಿತು.

"ಬನ್ನಿ ಅಮ್ಮಾ, ಚಹಾ ಕುಡ್ಕೊಂಡು ಹೋಗಿ!" ಒತಾಸೆ ಕೂಗಿ ಹೇಳಿದಳು. "ನನಗೆ ಗಂಡು ಸಿಕ್ಕಿದ್ದಾನೆ. ಎಂಥವನು ಅಂತ ಮಾತ್ರ ಕೇಳ್ಬೇಡಿ!"

ಆಮೇಲೆ ದನಿ ತಗ್ಗಿಸಿ ಅವನ ಬೆರಳುಗಳನ್ನು ಮೆಲ್ಲಗೆ ಹಿಡಿದಳು.

"ನೋಯ್ತಿದ್ಯಾ?"

"ಇಲ್ಲ..."

"ಸುಳ್ಳ! ಕೊಡು ಇಲ್ಲಿ, ಬಟ್ಟೆ ಕಟ್ಟೋಕೂ ಬರಲ್ಲ ನಿನಗೆ."